ಮಣ್ಣು ಮಾಡಾಕೂ ಸಭೆ ರಿಜಿಸ್ಟರ್ ಬೇಕೇನು? ಊರಿನ ಸಭೆಗಳು ಕೂಡಿ ಏನು ಮಾಡಬಹುದು, ಹೇಳ್ರಿ

ಕಾರಟಗಿ ಕಡೆಯವ

ಎಲ್ಲಾರಿಗೂ ವಂದನೆ. ನಮ್ಮೂರು ಕಾರಟಗಿ–ಗಂಗಾವತಿ ನಡುವ ಬರ್ತೈತಿ, ಭತ್ತದ ಸೀಮಿ. ಕ್ರೈಸ್ತರ ಮನಿ ಬಾಳ ಇಲ್ಲ, ಆದ್ರ ಸಭೆ ಐದು ಅದಾವ. ಒಂದು ಹಳೇದು, ಎರಡು ಅದರಾಗಿಂದ ಒಡದು ಹೋದವು, ಉಳಿದವು ಹೊರಗಿನ ಸೇವಕರು ಬಂದು ಶುರು ಮಾಡಿದವು.

ಹೋದ ಬ್ಯಾಸಗಿಯಾಗ ಊರಾಗ ಒಬ್ಬ ಆಯಿ ತೀರಿಕೊಂಡ್ರು. ಜೀವನಪೂರ್ತಿ ನಾಟಿ, ಕಳೆ ಅಂತ ಕೂಲಿ ಮಾಡಿದಾಕಿ. ತಗಡಿನ ಶೆಡ್ಡಿನಾಗ ನಡಿಯೋ ಒಂದು ಸಣ್ಣ ಪ್ರಾರ್ಥನಾ ಕೂಟಕ್ಕ ಹೋಗ್ತಿದ್ರು. ಸ್ಮಶಾನದ ಜಾಗ ಇನ್ನೊಂದು ಸಭೆ ಹೆಸರಿನಾಗ ಐತಿ. ಆ ಸಭೆ ಹಿರಿಯರು "ನಮ್ಮ ರಿಜಿಸ್ಟರಿನಾಗ ಹೆಸರಿಲ್ಲ, ಚಂದಾ ಇಲ್ಲ, ಹೆಂಗ ಕೊಡೋದು" ಅಂದ್ರು. ಏಪ್ರಿಲ್ ಬಿಸಲಾಗ ಹೊತ್ತು ಮುಳುಗೋ ಮಟ ಮಾತುಕತಿ ನಡೀತು. ಕಡೀಕ ಹಳ್ಳದ ದಂಡಿಗೆ ಮಣ್ಣು ಮಾಡಿದ್ರು. ಆಕಿ ಮಗ ಆವತ್ತಿಂದ ಯಾವ ಸಭೆಗೂ ಕಾಲಿಟ್ಟಿಲ್ಲ.

ಎಲ್ಲಾ ಸಭೆ ಒಂದ ಮಾಡ್ರಿ ಅಂತ ನಾ ಹೇಳವಲ್ಲೆ. ಸ್ಮಶಾನ, ದವಾಖಾನಿ, ಬಡ ಹುಡುಗರ ಫೀಸು, ಇಂಥವು ನಾಕು ಕೆಲಸ ಕೂಡಿ ಮಾಡೋ ವ್ಯವಸ್ಥೆ ನಿಮ್ಮ ಊರಾಗ ಐತೇನು? ಇದ್ರ ಹೆಂಗ ಶುರು ಮಾಡಿದ್ರಿ? ಯಾರು ಅಡ್ಡ ಬಂದ್ರು? ಖರೇ ಹೇಳ್ರಿ.

ವೇದಿಕೆ ನಿರ್ವಾಹಕರು

ಸಭೆ ಹೆಸರು, ಪಾಸ್ಟರ್ ಹೆಸರು, ಹಿರಿಯರ ಹೆಸರು ಯಾರೂ ಹಾಕಬೇಡಿ. "ಅದು ಇಂಥಾ ಸಭೆನೇ ಇರಬೇಕು" ಅಂತ ಊಹೆ ಮಾಡುವ ಕಾಮೆಂಟುಗಳನ್ನು ತೆಗೆಯುತ್ತೇವೆ.

ಬೆರೋಯದವ

ಬ್ರದರ್, ಆ ತಾಯಿಗೆ ಆದದ್ದು ತಪ್ಪು. ಅದರಲ್ಲಿ ಎರಡು ಮಾತಿಲ್ಲ. ಆದರೆ "ಕೂಡಿ ಮಾಡೋಣ" ಅನ್ನೋದು ಎಲ್ಲಿಗೆ ಹೋಗಿ ಮುಟ್ಟುತ್ತೆ ಅಂತ ಮೊದಲೇ ಯೋಚನೆ ಮಾಡಿ. ಇವತ್ತು ಸ್ಮಶಾನ, ನಾಳೆ ಜಂಟಿ ಆರಾಧನೆ, ನಾಡಿದ್ದು ಅದೇ ವೇದಿಕೆ ಹತ್ತಿ ಯಾರು ಬೇಕಾದರೂ ಏನು ಬೇಕಾದರೂ ಬೋಧಿಸ್ತಾರೆ. ಯೋಹಾನ 17ರಲ್ಲಿ ಎಲ್ಲರೂ ಒಂದಾಗಿರಲಿ ಅಂತ ಯೇಸು ಬೇಡಿಕೊಂಡದ್ದು ಎಲ್ಲರಿಗೂ ಬಾಯಿಪಾಠ ಇದೆ. ಅದೇ ಪ್ರಾರ್ಥನೆಯ 17ನೇ ವಚನದಲ್ಲಿ ಸತ್ಯದಿಂದ ಇವರನ್ನು ಪ್ರತಿಷ್ಠಿಸು ಅಂತಲೂ ಕೇಳಿದ್ದಾನೆ. ಅದನ್ನ ಯಾರೂ ಹೇಳಲ್ಲ.

ಕೌಲ್‌ಬಜಾರ್ ಅಕ್ಕ

ಗುಂಡಿ ತೆಗೆದು ಮಣ್ಣು ಹಾಕೋಕೆ ಯಾವ ಬೋಧನೆ ಸರಿ ಇರಬೇಕಪ್ಪಾ?

ಬೆರೋಯದವ

ಅಕ್ಕಾ, ಮಣ್ಣು ಹಾಕೋದಕ್ಕೆ ನಾನು ಬೇಡ ಅಂದಿಲ್ಲ. ಅಲ್ಲಿಗೇ ನಿಲ್ಲಲಿ ಅಂದೆ.

ಬಳ್ಳಾರಿ ಸಿಎಸ್‌ಐ

ಈ ಹೆದರಿಕೆ ಹೊಸದಲ್ಲ. ನಮ್ಮ ಬಳ್ಳಾರಿಯನ್ನೇ ತಗೊಳ್ಳಿ. 1810ರಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಇಲ್ಲಿಗೆ ಬಂದರು. ಕನ್ನಡ ಬೈಬಲಿನ ಅನುವಾದ ಈ ಊರಲ್ಲಿ ಕೂತು ಮಾಡಿದ್ದು. ಹ್ಯಾಂಡ್ಸ್ ಜೊತೆ ವಿಲಿಯಂ ರೀವ್ ದುಡಿದರು, 1831ರ ಹೊತ್ತಿಗೆ ಇಡೀ ಬೈಬಲ್ ಅಚ್ಚಾಗಿತ್ತು. ಇವತ್ತು ಐದು ಸಭೆಯವರೂ ಓದೋ ಕನ್ನಡ ಬೈಬಲ್ಲಿಗೆ ಬುನಾದಿ ಅಲ್ಲಿಂದ.

ಲಂಡನ್ ಮಿಷನ್ನಿನವರು ಬಿಷಪ್ಪರನ್ನು ಒಪ್ಪದ ಪರಂಪರೆಯವರು. ಪ್ರತಿ ಸಭೆ ತನ್ನ ತೀರ್ಮಾನ ತಾನೇ ಮಾಡಬೇಕು ಅನ್ನೋರು. ಅಂಥವರು 1908ರಲ್ಲಿ ಪ್ರೆಸ್ಬಿಟೇರಿಯನ್ನರ (ಹಿರಿಯರ ಮಂಡಳಿಯ ಆಡಳಿತ ಇರೋ ಸಭೆಯವರ) ಜೊತೆ ಸೇರಿ ದಕ್ಷಿಣ ಭಾರತ ಐಕ್ಯ ಸಭೆ ಮಾಡಿಕೊಂಡರು. 1919ರಲ್ಲಿ ತರಂಗಂಬಾಡಿಯಲ್ಲಿ ಆಂಗ್ಲಿಕನ್ನರ (ಬಿಷಪ್ಪರ ಆಡಳಿತ ಇರೋ ಇಂಗ್ಲೆಂಡ್ ಸಭೆಯ ಪರಂಪರೆಯವರ) ಜೊತೆ ಮಾತು ಶುರುವಾಯಿತು. ಅದರ ಮುಂದಾಳು ದೋರ್ನಕಲ್ಲಿನ ಬಿಷಪ್ ವಿ. ಎಸ್. ಅಜರಯ್ಯ, ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್. 1927ರಲ್ಲಿ ಸ್ವಿಟ್ಜರ್ಲೆಂಡಿನ ಲೋಸಾನಿನಲ್ಲಿ ನಡೆದ ಸಭೆಗಳ ಐಕ್ಯದ ಸಮ್ಮೇಳನದಲ್ಲಿ ಅವರು ಹೇಳಿದ್ದರ ಸಾರ ಇದು: ಒಂದಾಗೋದು ನಿಮ್ಮ ಯೂರೋಪಿನಲ್ಲಿ ಆದರೆ ಚೆನ್ನ ಅನ್ನೋ ವಿಚಾರ, ನಮ್ಮ ಕಡೆ ಸಭೆ ಬದುಕಬೇಕಾದರೆ ಅದು ಬೇಕೇ ಬೇಕು. ಬೇರೆ ದೇಶದವರ ಜಗಳವನ್ನು ನಮ್ಮ ಹಳ್ಳಿ ಜನ ಯಾಕೆ ಹೊರಬೇಕು ಅನ್ನೋದು ಅವರ ಸಂಕಟ.

ಕೊನೆಗೆ 1947ರ ಸೆಪ್ಟೆಂಬರ್ 27ರಂದು ಮದ್ರಾಸಿನ ಸೇಂಟ್ ಜಾರ್ಜ್ ಕೆಥೀಡ್ರಲ್ಲಿನಲ್ಲಿ ದಕ್ಷಿಣ ಭಾರತ ಸಭೆ, ಅಂದರೆ ಸಿಎಸ್‌ಐ ಹುಟ್ಟಿತು. ಆಂಗ್ಲಿಕನ್ನರು, ಮೆಥೊಡಿಸ್ಟರು, ಐಕ್ಯ ಸಭೆಯವರು ಸೇರಿದರು. ಮಾತುಕತೆಗೆ 28 ವರ್ಷ ಹಿಡೀತು. ಅಜರಯ್ಯ ಅದನ್ನು ನೋಡಲಿಲ್ಲ, 1945ರ ಜನವರಿ 1ರಂದೇ ತೀರಿಕೊಂಡಿದ್ದರು. ಗಮನಿಸಿ: ಬಿಷಪ್ ಕೈಯಿಂದ ದೀಕ್ಷೆ ಆಗದ ಪಾದ್ರಿಗಳಿಗೆ ಮರುದೀಕ್ಷೆ ಬೇಕು ಅಂತ ಯಾರೂ ಹಟ ಹಿಡಿಯಲಿಲ್ಲ, ಇದ್ದವರನ್ನು ಇದ್ದ ಹಾಗೇ ಒಪ್ಪಿಕೊಂಡರು. ಬೋಧನೆ ಬಿಟ್ಟುಕೊಡಲಿಲ್ಲ, ಕೂತು ಮಾತಾಡಿದರು.

ರಾಯಚೂರು ಮೆಥೊಡಿಸ್ಟ್

ಒಂದು ತಿದ್ದುಪಡಿ ಮಾಡ್ತೀನ್ರಿ. "ಮೆಥೊಡಿಸ್ಟರು ಸೇರಿದರು" ಅಂದ್ರಲ್ಲ, ಸೇರಿದ್ದು ಬ್ರಿಟಿಷ್ ವೆಸ್ಲಿಯನ್ ಮಿಷನ್ನಿನ ಸಭೆಗಳು, ಮೈಸೂರು ಸೀಮಿಯವು. ನಮ್ಮ ರಾಯಚೂರು, ಬೀದರ, ಕಲಬುರಗಿ ಕಡೀದು ಅಮೆರಿಕನ್ ಮೆಥೊಡಿಸ್ಟ್ ಮಿಷನ್. ನಾವು 1947ರಾಗೂ ಸೇರಲಿಲ್ಲ, 1970ರಾಗ ಉತ್ತರ ಭಾರತ ಸಭೆ ಆಗೋ ಹೊತ್ತಿನಾಗ ಕಡೀ ಗಳಿಗಿಗೆ ಹಿಂದ ಸರದ್ವಿ. 1981ರಾಗ ಮೆಥೊಡಿಸ್ಟ್ ಚರ್ಚ್ ಇನ್ ಇಂಡಿಯಾ ಅಂತ ನಮ್ಮದೇ ಆಡಳಿತ ಆತು. ಆಂಗ್ಲಿಕನ್ನರೊಳಗೂ ಎಲ್ಲಾರೂ ಬರಲಿಲ್ಲ. ನಿಮಗ ಸಮೀಪದ ನಂದ್ಯಾಲದ ದೊಡ್ಡ ಗುಂಪು ಹೊರಗ ಉಳೀತು.

ಅದಕ್ಕ ನಾ ಹೇಳೋದು, ಮ್ಯಾಲಿನವರು ಸಹಿ ಹಾಕೋ ಒಂದಾಗೋದನ್ನ ಕಾಯ್ಕೋತ ಕುಂತ್ರ ನಮ್ಮ ಮೊಮ್ಮಕ್ಕಳ ಕಾಲಕ್ಕೂ ಆಗಂಗಿಲ್ಲ. ಕಾರಟಗಿ ಅಣ್ಣಾರು ಕೇಳಿದ ನಾಕು ಕೆಲಸಕ್ಕ ಯಾವ ಸಿನೋಡ್ (ಸಭೆಯ ಮ್ಯಾಲಿನ ಆಡಳಿತ ಮಂಡಳಿ) ಪರವಾನಗಿನೂ ಬ್ಯಾಡ.

ಬಳ್ಳಾರಿ ಸಿಎಸ್‌ಐ

ಸರಿ ಹೇಳಿದಿರಿ, ವೆಸ್ಲಿಯನ್ ಅಂತಲೇ ಬರೀಬೇಕಿತ್ತು. ಆದರೆ ಮೇಲಿನವರದು ವ್ಯರ್ಥ ಅನ್ನೋದನ್ನ ಒಪ್ಪಲ್ಲ. ಒಂದೇ ಸಭೆ ಆದ್ದರಿಂದ ಕೇರಳದ ಸಭಾಪಾಲಕರು ಕರ್ನಾಟಕದಲ್ಲಿ ಕರ್ತನ ಭೋಜನ (ಆರಾಧನೆಯ ರೊಟ್ಟಿ-ದ್ರಾಕ್ಷಾರಸ) ಕೊಡಬಹುದು. ಅದು ಸಣ್ಣ ಮಾತಲ್ಲ.

ಮಾನ್ವಿ ಹೆಣ್ಮಗಳು

ಎಲ್ಲಾರೂ ಲಂಡನ್ನು ಅಮೆರಿಕಾ ಅಂತ ಮಾತಾಡ್ಲಿಕತ್ತೀರಿ. ಕಾರಟಗಿ ಅಣ್ಣಾ, ಐದು ಸಭೆ ಅಂದ್ರಿ. ಯಾವ ಸಭೆ ಯಾವ ಕೇರಿದು ಅಂತ ಯಾಕ ಹೇಳಲಿಲ್ಲ?

ಕಾರಟಗಿ ಕಡೆಯವ

ಹೇಳ್ತೀನಕ್ಕಾ. ಎರಡು ಎಡಗೈ ಕೇರಿದು, ಎರಡು ಬಲಗೈ ಕೇರಿದು. ಒಂದರಾಗ ಮಾತ್ರ ಮಂದಿ ಕೂಡಿ ಅದಾರ, ಅದು ಆ ಆಯಿ ಹೋಗ್ತಿದ್ದ ತಗಡಿನ ಶೆಡ್ಡಿನ ಕೂಟ.

ಮಾನ್ವಿ ಹೆಣ್ಮಗಳು

ನೋಡ್ರಿ ಮತ್ತ. ಜಾತಿ ಬಿಟ್ಟು ಕುಂತ ಒಂದೇ ಕೂಟದಾಕಿಗೆ ಹಳ್ಳದ ದಂಡಿ ಸಿಕ್ತು.

ನಾ ಕಥೋಲಿಕ ಮನಿತನದಾಕಿ. ಮಾನ್ವಿ ಕಡೆ ನಮ್ಮ ಮಂದಿ ಕ್ರೈಸ್ತರಾಗಿದ್ದ ಮೊದಲ ಕಾರಣನೇ ಒಂದೇ ಬಾಕಿನ ಮ್ಯಾಲ ಕುಂದ್ರಬಹುದು ಅಂತ. ಆದ್ರೂ ಮದುವಿ ಮಾತು ಬಂದ ಕೂಡಲೇ ಎಡ ಯಾವುದು ಬಲ ಯಾವುದು ಅಂತ ಕೇಳ್ತಾರ, ಫಾದರ್ ಮುಂದ ಕೇಳಂಗಿಲ್ಲ ಅಷ್ಟ. ಒಗ್ಗಟ್ಟು ಇಲ್ಲ ಅಂತ ನಾವು ಸಭೆಗಳನ್ನ ಬೈತೀವಿ. ಸಭೆ ಒಡದದ್ದು ದೀಕ್ಷಾಸ್ನಾನ ಮುಳುಗಿಸಿ ಕೊಡಬೇಕೋ ತಲಿಮ್ಯಾಲ ನೀರು ಹಾಕಬೇಕೋ ಅಂತಲ್ಲ, ಹಿರಿಯರ ಕಮಿಟಿಯಾಗ ಯಾರ ಕೇರಿಯವರು ಎಷ್ಟು ಮಂದಿ ಅಂತ.

ಇನ್ನೊಂದು. "ರಿಜಿಸ್ಟರಿನಾಗ ಹೆಸರಿಲ್ಲ" ಅಂದ್ರಂತ. ಯಾಕ ಇಲ್ಲ ಅಂತ ಆ ಹಿರಿಯರಿಗೆ ಗೊತ್ತಿಲ್ಲೇನು? 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಹಿಂದೂ ಆದವರಿಗೆ ಮಾತ್ರ ಎಸ್‌ಸಿ ಸ್ಥಾನ. 1956ರಾಗ ಸಿಖ್ಖರಿಗೆ ಕೊಟ್ರು, 1990ರಾಗ ಬೌದ್ಧರಿಗೆ ಕೊಟ್ರು, ಕ್ರೈಸ್ತರಾದ ದಲಿತರಿಗೆ ಇವತ್ತಿಗೂ ಇಲ್ಲ. ನಮ್ಮ ರಾಜ್ಯದಾಗ ಹಿಂದುಳಿದ ವರ್ಗದ ಪ್ರವರ್ಗ 1ಕ್ಕ ಹಾಕ್ತಾರ. ಹಂಗಾಗಿ ಕೂಲಿ ಮಂದಿ ಮಕ್ಕಳ ಸ್ಕಾಲರ್‌ಶಿಪ್ ಹೋದೀತು, ಹಾಸ್ಟೆಲ್ ಸೀಟು ಹೋದೀತು ಅಂತ ಹೆದರಿ ಸಭೆ ಪುಸ್ತಕದಾಗ ಹೆಸರು ಬರಸಂಗಿಲ್ಲ. ವಾರಾ ವಾರಾ ಬಂದು ಮೊಣಕಾಲೂರಿ ಪ್ರಾರ್ಥನೆ ಮಾಡ್ತಾರ, ಪುಸ್ತಕದಾಗ ಮಾತ್ರ ಇರಂಗಿಲ್ಲ. ಸತ್ತ ದಿನ ಅವರನ್ನ ಪುಸ್ತಕ ತಗದು ಅಳದ್ರ ಅದು ಕ್ರಿಸ್ತನ ಸಭೆ ಹೆಂಗಾದೀತು?

ತೋರಣಗಲ್ಲು ನರ್ಸ್

ಈ ರಿಜಿಸ್ಟರಿನ ಕಾರಣ ನನಗೆ ತಿಳಿದೇ ಇರಲಿಲ್ಲ. ನಾವು ಕೇರಳದವರು, ಹುಟ್ಟಿದಾಗಲೇ ಹೆಸರು ಬರೆಸ್ತೀವಿ. ಓದಿ ತುಂಬಾ ನೋವಾಯಿತು.

ಹೊಸಪೇಟೆ ಸೇವಕ

ನಾನು ಒಂದು ಸಣ್ಣ ಸ್ವತಂತ್ರ ಸಭೆಯ ಪಾಸ್ಟರ್. ಈ ಚರ್ಚೆ ಎಲ್ಲೇ ನಡೆದರೂ "ಬೀದಿಗೊಂದು ಸಭೆ ಮಾಡಿಕೊಂಡು ಒಡೆದರು" ಅನ್ನೋ ಮಾತು ನಮ್ಮ ಮೇಲೆ ಬರುತ್ತೆ. ನಮ್ಮ ಸಭೆಗೆ ಬಂದವರಲ್ಲಿ ಹೆಚ್ಚಿನವರು ದೊಡ್ಡ ಸಭೆಯಲ್ಲಿ ವರ್ಷಗಟ್ಟಲೆ ಹಿಂದಿನ ಬಾಕಿನಲ್ಲಿ ಕೂತು, ಕಾಯಿಲೆ ಬಿದ್ದಾಗ ಒಬ್ಬರೂ ಮನೆಗೆ ಬರಲಿಲ್ಲ ಅಂತ ಎದ್ದು ಬಂದವರು. ನಾಟಿ ಸಮಯದಲ್ಲಿ ಭಾನುವಾರ ಬೆಳಗ್ಗೆ ಹತ್ತಕ್ಕೆ ಆರಾಧನೆ ಇಟ್ಟರೆ ಕೂಲಿಯವರು ಹೇಗೆ ಬರಬೇಕು? ನಾವು ರಾತ್ರಿ ಎಂಟಕ್ಕೆ ಇಡ್ತೀವಿ. ಕೊರಿಂಥದಲ್ಲೂ ಇದೇ ಆಗಿತ್ತು. ಪೌಲನ ಮೊದಲ ಪತ್ರದ 11ನೇ ಅಧ್ಯಾಯ ಓದಿ: ಉಳ್ಳವರು ಮೊದಲೇ ಬಂದು ಉಂಡು ಮುಗಿಸ್ತಿದ್ದರು, ಇಲ್ಲದವರು ಹಸಿದೇ ಇರ್ತಿದ್ದರು. ಒಬ್ಬರಿಗೊಬ್ಬರು ಕಾಯಿರಿ ಅನ್ನೋದು ಅವನು ಕೊಟ್ಟ ಅಪ್ಪಣೆ. ಕರ್ತನ ಭೋಜನದ ಬಗ್ಗೆ ನಾವು ಓದೋ ವಾಕ್ಯಗಳು ಆ ಜಗಳದ ನಡುವೆ ಬರೆದವು.

ಅಪೊಸ್ತಲರ ಕೃತ್ಯಗಳು 6ನ್ನೂ ನೋಡಿ. ಗ್ರೀಕ್ ಮಾತಾಡೋ ವಿಧವೆಯರಿಗೆ ದಿನದ ಹಂಚಿಕೆಯಲ್ಲಿ ಮೋಸ ಆಗ್ತಿದೆ ಅಂತ ದೂರು ಬಂತು. ಅಪೊಸ್ತಲರು "ಒಗ್ಗಟ್ಟು ಕೆಡಿಸಬೇಡಿ, ಸುಮ್ಮನಿರಿ" ಅನ್ನಲಿಲ್ಲ. ಏಳು ಜನರನ್ನ ಆರಿಸಲು ಹೇಳಿದರು. ಆ ಏಳೂ ಹೆಸರು ಗ್ರೀಕ್ ಹೆಸರುಗಳು: ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ. ಹಂಚುವ ಕೆಲಸವನ್ನ ದೂರು ಕೊಟ್ಟ ಕಡೆಯವರ ಕೈಗೇ ಕೊಟ್ಟ ಹಾಗಾಯಿತು. ನಮ್ಮ ಸಭೆಗಳಲ್ಲಿ ದೂರು ಕೊಟ್ಟವರನ್ನ ಏನು ಮಾಡ್ತೀವಿ, ಎಲ್ಲರಿಗೂ ಗೊತ್ತು.

ಬೆರೋಯದವ

ಪಾಸ್ಟರ್ ಅವರೇ, ಆ ಏಳು ಜನ ಪವಿತ್ರಾತ್ಮಭರಿತರೂ ಜ್ಞಾನವಂತರೂ ಆಗಿರಬೇಕು ಅಂತ ಷರತ್ತು ಇತ್ತು. ಕೇರಿ ಲೆಕ್ಕದಲ್ಲಿ ಸೀಟು ಹಂಚಿದ್ದಲ್ಲ. ಆದರೆ ಹೆಸರುಗಳ ವಿಷಯ ನೀವು ಹೇಳಿದ್ದು ಸರಿ, ಅದನ್ನ ಒಪ್ತೀನಿ.

ಹೊಸಪೇಟೆ ಸೇವಕ

ಷರತ್ತು ಇರಲಿ ಬ್ರದರ್. ಪವಿತ್ರಾತ್ಮಭರಿತರು ಒಂದೇ ಕೇರಿಯಲ್ಲಿ ಹುಟ್ತಾರೆ ಅನ್ನೋ ಹಾಗೆ ನಮ್ಮ ಕಮಿಟಿಗಳು ಇರೋದಕ್ಕೆ ಹೇಳಿದೆ.

ಸಿಂಧನೂರು ಕ್ಯಾಂಪಿನವ

ನಮ್ಮದು ಬೇರೆ ಥರದ ತಕರಾರು. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ನಮ್ಮ ಹಿರಿಯರು ಆಂಧ್ರದಿಂದ ಬಂದು ಕ್ಯಾಂಪು ಹಾಕಿದವರು. ಸಭೆಯಲ್ಲಿ ತೆಲುಗು ಹಾಡು, ತೆಲುಗು ಬೈಬಲ್. ಪಕ್ಕದ ಊರಿನ ಕನ್ನಡದವರು ಬಂದು ಕೂತರೆ ಅರ್ಧ ಅರ್ಥ ಆಗ್ತಿರಲಿಲ್ಲ, ಮೆಲ್ಲಗೆ ಬಿಟ್ಟು ಹೋದರು. ಈಗ ನಮ್ಮ ಮಕ್ಕಳೇ ಕನ್ನಡ ಶಾಲೆಗೆ ಹೋಗಿ ತೆಲುಗು ಓದೋಕೆ ಬರದೆ ಕೂತಿದ್ದಾರೆ.

ಸಂಡೇ ಸ್ಕೂಲ್ ಮಾತ್ರ ಕನ್ನಡದ ಸಭೆ ಜೊತೆ ಸೇರಿ ಮಾಡ್ತೀವಿ. ಶುರು ಮಾಡಿದ್ದು ಟೀಚರ್ ಆಗಿರೋ ಇಬ್ಬರು ಹೆಣ್ಣುಮಕ್ಕಳು, ಕಮಿಟಿಯನ್ನ ಕೇಳಲೇ ಇಲ್ಲ. ಮಕ್ಕಳು ಒಟ್ಟಿಗೆ ಕ್ರಿಸ್‌ಮಸ್ ನಾಟಕ ಮಾಡಿದಾಗ ಎರಡೂ ಸಭೆಯ ದೊಡ್ಡವರು ಅಕ್ಕಪಕ್ಕ ಕೂತು ನೋಡಲೇಬೇಕಾಯಿತು.

ಕೌಲ್‌ಬಜಾರ್ ಅಕ್ಕ

ಹೆಣ್ಣುಮಕ್ಕಳು ಮಾಡಿದ್ದು ಅಂದ್ರಲ್ಲ, ನಮ್ಮಲ್ಲೂ ಹಂಗೇ. ಬಳ್ಳಾರಿಯ ದೊಡ್ಡ ಸರ್ಕಾರಿ ಆಸ್ಪತ್ರೆ ವಿಮ್ಸ್‌ಗೆ ಕೊಪ್ಪಳ, ರಾಯಚೂರು, ಅತ್ತ ಆಂಧ್ರದ ಹಳ್ಳಿಗಳಿಂದ ರೋಗಿಗಳು ಬರ್ತಾರೆ. ರೋಗಿಗೆ ಒಳಗೆ ಊಟ ಸಿಕ್ಕುತ್ತೆ, ಜೊತೆಗೆ ಬಂದವರು ಹೊರಗೆ ಚಾಪೆ ಹಾಸ್ಕೊಂಡು ಬನ್ನು ತಿಂದು ಮಲಗ್ತಾರೆ. ನಾವು ಕಥೋಲಿಕರು ಕೆಲವರು, ಸಿಎಸ್‌ಐ ಸ್ತ್ರೀಯರ ಮೈತ್ರಿಕೂಟದವರು, ಒಂದು ಪೆಂಟೆಕೋಸ್ಟ್ ಸಭೆಯ ಪಾಸ್ಟರಮ್ಮ, ಎಲ್ಲಾ ಸೇರಿ ವಾರಕ್ಕೊಂದು ದಿನ ಅಡುಗೆ ಮಾಡಿ ಒಯ್ತೀವಿ. ಅಲ್ಲಿ ಯಾರ ಹತ್ರನೂ ನೀವು ಯಾವ ಧರ್ಮ, ಯಾವ ಸಭೆ ಅಂತ ಕೇಳಲ್ಲ. ಅಡುಗೆ ಮಾಡ್ತಾ ಮಾಡ್ತಾ ನಾವು ಜಪಸರ ಹೇಳ್ತೀವಿ, ಪಾಸ್ಟರಮ್ಮ ಆ ಹೊತ್ತಿಗೆ ಈರುಳ್ಳಿ ಹೆಚ್ಚಿಕೋತ ತಮ್ಮ ಪ್ರಾರ್ಥನೆ ಮಾಡ್ಕೋತಾರೆ. ಆಮೇಲೆ ಅವರು ಹಾಡು ಎತ್ತಿದರೆ ನಾವೂ ಹಾಡ್ತೀವಿ. ಮಾತೆ ಮರಿಯಮ್ಮನವರ ವಿಷಯದಲ್ಲಿ ನಮಗೂ ಅವರಿಗೂ ಒಪ್ಪಿಗೆ ಆಗಿಲ್ಲ, ಆಗೋದೂ ಇಲ್ಲವೇನೋ. ಆಕೆ ಮಗನ ಮದುವೆಗೆ ಬಡಿಸಿದ್ದೆಲ್ಲಾ ನಾವೇ.

ರಾಯಚೂರು ಮೆಥೊಡಿಸ್ಟ್

ಅಕ್ಕಾರ, ಏನು ಅಡಗಿ ಒಯ್ತೀರಿ? ಬರೇ ಅನ್ನ ಸಾಂಬಾರ ಇದ್ರ ನಮ್ಮ ಕಡೆ ಮಂದಿಗೆ ಹೊಟ್ಟಿ ತುಂಬಂಗಿಲ್ಲ. ಜ್ವಾಳದ ರೊಟ್ಟಿ ಇರಬೇಕು.

ಕೌಲ್‌ಬಜಾರ್ ಅಕ್ಕ

ಅಷ್ಟು ಮಂದಿಗೆ ರೊಟ್ಟಿ ಬಡಿಯೋರು ಯಾರು? ಕಟಿ ರೊಟ್ಟಿ ಮಾಡಿ ಕಳಿಸ್ತೀವಿ ಅಂತ ಯಾವುದಾದ್ರೂ ಸಭೆಯವರು ಮುಂದೆ ಬಂದ್ರೆ ಪುಂಡಿಪಲ್ಯ ನಮ್ಮದು.

ಸಿರುಗುಪ್ಪ ತಮ್ಮ

ನಮ್ಮ ಸಭೆ ಹೆಣ್ಣುಮಕ್ಕಳನ್ನ ಕೇಳ್ತೀನಕ್ಕಾ. ಸುಗ್ಗಿ ಹಬ್ಬಕ್ಕ ಮಂದಿ ಜ್ವಾಳ, ಭತ್ತ ಕಾಣಿಕಿ ತಂದು ಇಡ್ತಾರ, ಎಲ್ಲಾ ಹರಾಜು ಹಾಕ್ತೀವಿ. ಅದರಾಗ ಒಂದು ಚೀಲ ಜ್ವಾಳ ಇದಕ್ಕ ತಗದಿಡಬಹುದು.

ಮುದಗಲ್ ಮಾಸ್ತರ

ಎಲ್ಲರಿಗೂ ನಮಸ್ಕಾರ. ನಿವೃತ್ತ ಶಿಕ್ಷಕ, ಕಥೋಲಿಕ. ನಮ್ಮ ಮುದಗಲ್ಲಿನ ಕ್ರೈಸ್ತರು ಆದಿಲ್‌ಶಾಹಿ ಕಾಲದಿಂದ ಇರುವವರು. ಅಂದರೆ ಬಳ್ಳಾರಿಗೆ ಮಿಷನ್ ಬರುವ ಎಷ್ಟೋ ತಲೆಮಾರು ಹಿಂದಿನಿಂದ. ಮುಸ್ಲಿಂ ದೊರೆಗಳ ಕೆಳಗೆ, ಬಹುಪಾಲು ಹಿಂದೂಗಳ ನಡುವೆ, ಗೋವಾದಿಂದ ಗುರುಗಳು ಬಂದಾಗ ಬಂದರು ಎಂಬಂತೆ ಬದುಕಿದ ಸಣ್ಣ ಸಮುದಾಯ ಅದು. ಬೇರೆ ಊರಿನಿಂದ ನೆರವು ಬರದೆ ಇದ್ದಾಗ ಉಳಿದದ್ದು ಮನೆಮನೆಯವರು ಒಬ್ಬರನ್ನೊಬ್ಬರು ಹಿಡಿದುಕೊಂಡಿದ್ದರಿಂದ. ಮುದಗಲ್ ಮೊಹರಂ ನೋಡಿದವರಿಗೆ ಗೊತ್ತಿದೆ, ಹಿಂದೂಗಳೂ ಮುಸ್ಲಿಮರೂ ಒಂದೇ ಓಣಿಯಲ್ಲಿ ಅಲಾಯಿ ದೇವರ ಮುಂದೆ ನಿಲ್ಲುತ್ತಾರೆ. ಅಂಥ ಊರಿನಲ್ಲಿ ಒಂದೇ ಯೇಸುವಿನ ಹೆಸರು ಹೇಳುವ ಇಬ್ಬರು ಬೆನ್ನು ತಿರುಗಿಸಿ ಕೂತರೆ ಕಣ್ಣಿಗೆ ಹೊಡೆಯುತ್ತದೆ.

ಈಗ ಮೂಲ ಪ್ರಶ್ನೆಗೆ ಬರುತ್ತೇನೆ. ಕಥೋಲಿಕರು ಬೇರೆಯವರನ್ನು ಹತ್ತಿರ ಸೇರಿಸುವುದಿಲ್ಲ ಎಂಬ ಕಲ್ಪನೆ ಇದೆ. 1964ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಕ್ರೈಸ್ತರ ಐಕ್ಯದ ಬಗ್ಗೆ ಆಜ್ಞಾಪತ್ರ ಹೊರಡಿಸಿದ ಮೇಲೆ, ನೀರಿನಿಂದ, ತಂದೆ-ಮಗ-ಪವಿತ್ರಾತ್ಮರ ಹೆಸರಿನಲ್ಲಿ ದೀಕ್ಷಾಸ್ನಾನ ಪಡೆದ ಬೇರೆ ಸಭೆಯವರನ್ನು ನಾವು ಸಹೋದರರೆಂದೇ ಕರೆಯುತ್ತೇವೆ. ಪರಮಪ್ರಸಾದವನ್ನು (ನೀವು ಹೇಳುವ ಕರ್ತನ ಭೋಜನವನ್ನು) ಸಾಮಾನ್ಯವಾಗಿ ಹಂಚಿಕೊಳ್ಳುವುದಿಲ್ಲ, ಅದು ನಿಜ, ಅದರ ನೋವು ನಮಗೂ ಇದೆ. ಆದರೆ ನಮ್ಮ ಕಥೋಲಿಕ ಸಭೆಯ 1983ರ ಕಾನೂನು ಸಂಹಿತೆಯ 1183ನೇ ವಿಧಿ ನೋಡಿ: ದೀಕ್ಷಾಸ್ನಾನ ಆದ ಬೇರೆ ಸಭೆಯ ಕ್ರೈಸ್ತರು ತೀರಿಕೊಂಡಾಗ, ಅವರ ಸ್ವಂತ ಸೇವಕರು ಸಿಗದಿದ್ದರೆ, ಸತ್ತವರು ಬದುಕಿದ್ದಾಗ ಬೇಡ ಎಂದಿರದಿದ್ದರೆ, ಧರ್ಮಾಧ್ಯಕ್ಷರ (ಬಿಷಪ್ಪರ) ವಿವೇಚನೆಯಂತೆ ಕಥೋಲಿಕ ವಿಧಿಯಲ್ಲೇ ಅಂತ್ಯಕ್ರಿಯೆ ಮಾಡಬಹುದು. ಬಳ್ಳಾರಿ ಧರ್ಮಕ್ಷೇತ್ರ 1949ರಲ್ಲಿ ಆದದ್ದು, ರಾಯಚೂರು, ಕೊಪ್ಪಳ ಎಲ್ಲ ಅದರೊಳಗೇ ಬರುತ್ತವೆ. ಹತ್ತಿರದ ಧರ್ಮಕೇಂದ್ರದ ಗುರುಗಳನ್ನು ಇಂಥ ದಿನ ಹೋಗಿ ಕೇಳಲು ಯಾರೂ ಹಿಂಜರಿಯಬೇಕಿಲ್ಲ.

ಕಾರಟಗಿ ಕಡೆಯವ

ಮಾಸ್ತರ, ಈ ವಿಧಿ ನಮ್ಮೂರಾಗ ಒಬ್ಬರಿಗೂ ಗೊತ್ತಿರಲಿಲ್ರಿ. ಆವತ್ತು ಗೊತ್ತಿದ್ರ ಗಂಗಾವತಿಗೆ ಬೈಕ್ ಹೊಡಕೊಂಡು ಹೋಗ್ತಿದ್ವಿ.

ಬೆರೋಯದವ

ಮಾಸ್ತರೇ, ಗೌರವದಿಂದ ಕೇಳ್ತೀನಿ. ಭೋಜನದ ಮೇಜು ಬೇರೆ ಇಟ್ಟುಕೊಂಡು ಸ್ಮಶಾನ ಮಾತ್ರ ಒಂದು ಮಾಡೋದು ಎಂಥಾ ಐಕ್ಯ? ಸತ್ತ ಮೇಲೆ ಮಾತ್ರ ಸಹೋದರರಾ?

ಮುದಗಲ್ ಮಾಸ್ತರ

ಒಳ್ಳೆಯ ಪ್ರಶ್ನೆ. ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಮೇಜಿನ ಬಳಿ ಇನ್ನೂ ಸೇರಲಾಗದವರು ಬೇರೆಲ್ಲಾ ಕಡೆ ಸೇರಲು ಹೆಚ್ಚು ಕಷ್ಟಪಡಬೇಕು ಎಂದು ನನ್ನ ನಂಬಿಕೆ. ಪ್ರತಿ ವರ್ಷ ಜನವರಿ 18ರಿಂದ 25ರವರೆಗೆ ಕ್ರೈಸ್ತ ಐಕ್ಯಕ್ಕಾಗಿ ಪ್ರಾರ್ಥನಾ ವಾರ ಇದೆ. ನೀವು ಬೇರೆ ಸಭೆಯಲ್ಲಿ ಬೋಧಿಸಬೇಕಿಲ್ಲ, ಅವರ ಬೋಧನೆ ಒಪ್ಪಬೇಕಿಲ್ಲ. ಒಂದು ಸಂಜೆ ಬಂದು ಕೀರ್ತನೆ ಓದಿ, ಮೌನವಾಗಿ ಪ್ರಾರ್ಥಿಸಿ ಹೋಗಬಹುದಲ್ಲ?

ಬೆರೋಯದವ

ಅದರ ಬಗ್ಗೆ 'ಹೂಂ' ಅನ್ನಲಾರೆ. ನಮ್ಮ ಹಿರಿಯರ ಜೊತೆ ಮಾತಾಡಬೇಕು. ಶವ ಹೊರೋದಕ್ಕೆ, ಆಸ್ಪತ್ರೆಗೆ, ರಕ್ತ ಕೊಡೋದಕ್ಕೆ ಕರೀರಿ, ಯಾವ ಸಭೆಯವರಿದ್ದರೂ ಬರ್ತೀನಿ. ಇದನ್ನ ಬರೆದೇ ಕೊಡ್ತೀನಿ.

ತೋರಣಗಲ್ಲು ನರ್ಸ್

ಇಲ್ಲಿ ಕ್ವಾರ್ಟರ್ಸಿನಲ್ಲಿ ಮಲಯಾಳಿ, ಒಡಿಯಾ, ತೆಲುಗು ಎಲ್ಲರೂ ಇದ್ದೀವಿ. ರಕ್ತದ ಗುಂಪಿನ ಪಟ್ಟಿ ಮಾಡಿದ್ದೀವಿ. ಎಲ್ಲಾ ಸಭೆಯವರೂ ಅವರವರ ಪಟ್ಟಿ ಮಾಡಿ ಒಬ್ಬರ ಹತ್ತಿರ ಇಟ್ಟರೆ ರಾತ್ರಿ ಹೊತ್ತು ಹೆರಿಗೆ ಕೇಸು ಬಂದಾಗ ಓಡಾಡೋದು ತಪ್ಪುತ್ತೆ. ಇದು ಮೊದಲು ಮಾಡಿ, ಇದಕ್ಕೆ ಜಾಗವೂ ಬೇಡ ದುಡ್ಡೂ ಬೇಡ.

ಕೊಪ್ಪಳ ವಕೀಲ

ಸ್ಮಶಾನದ ವಿಷಯಕ್ಕೆ ನೇರವಾಗಿ ಹೇಳ್ತೀನಿ. ಜಾಗ ಒಂದು ಸಭೆಯ ಹೆಸರಿನಲ್ಲಿ ಇರೋವರೆಗೆ ಕೀಲಿಕೈ ಅವರದ್ದೇ. ಅವರನ್ನ ಬೈದು ಪ್ರಯೋಜನ ಇಲ್ಲ, ಅವರ ಹಿರಿಯರು ಕೊಂಡದ್ದೋ ಮಿಷನ್ ಕೊಟ್ಟದ್ದೋ ಇರುತ್ತೆ. ಐದೂ ಸಭೆ ಸೇರಿ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಅಡಿಯಲ್ಲಿ ಒಂದು ಸಂಘ ಮಾಡಿ. ಸಂಘದ ಹೆಸರಿನಲ್ಲಿ ತಹಶೀಲ್ದಾರ್‌ಗೆ ಅರ್ಜಿ ಕೊಡಿ, ಕ್ರೈಸ್ತರ ಸಾರ್ವಜನಿಕ ಸ್ಮಶಾನಕ್ಕೆ ಸರ್ಕಾರಿ ಜಮೀನು ಬೇಕು ಅಂತ. ನೀವೇ ಸರ್ವೆ ನಂಬರ್ ಹುಡುಕಿ, ಪಹಣಿ ತೆಗೆಸಿ ಅರ್ಜಿ ಜೊತೆ ಹಚ್ಚಿದರೆ ಕೆಲಸ ಬೇಗ ಸಾಗುತ್ತೆ. ಪಹಣಿಯಲ್ಲಿ ಯಾವುದೇ ಒಂದು ಸಭೆ ಹೆಸರು ಬರಬಾರದು. ಕಾಂಪೌಂಡಿಗೆ ಅಲ್ಪಸಂಖ್ಯಾತರ ಇಲಾಖೆಯಲ್ಲಿ ಕೇಳಿ ನೋಡಿ.

ಬೈಲಾದಲ್ಲಿ ಒಂದು ಸಾಲು ಮರೀಬೇಡಿ: ಮಣ್ಣು ಮಾಡಲು ಸದಸ್ಯತ್ವ, ಚಂದಾ, ದೀಕ್ಷಾಸ್ನಾನದ ಸರ್ಟಿಫಿಕೇಟ್ ಯಾವುದನ್ನೂ ಕೇಳಬಾರದು, ಮನೆಯವರ ಮಾತೇ ಸಾಕು. ಒಂದು ಪುಸ್ತಕ ಇಡಿ, ಹೆಸರು, ದಿನಾಂಕ ಬರೆದುಕೊಳ್ಳಲು. ಮರಣವನ್ನು 21 ದಿನದೊಳಗೆ ನೋಂದಾಯಿಸಬೇಕು, ಆಗ ಮನೆಯವರಿಗೆ ಅನುಕೂಲ. ಆ ಪುಸ್ತಕದಲ್ಲಿ ಜಾತಿ, ಸಭೆ ಎರಡೂ ಕಾಲಂ ಬೇಡ. ಮಾನ್ವಿ ಅಕ್ಕಾರು ಹೇಳಿದ ಹೆದರಿಕೆ ಅಲ್ಲಿಗೆ ಕಮ್ಮಿಯಾಗುತ್ತೆ.

ಸಿಂಧನೂರು ಕ್ಯಾಂಪಿನವ

ಸಂಘ ಅಂದ ಕೂಡಲೇ ಅಧ್ಯಕ್ಷ ಯಾರು ಅನ್ನೋ ಜಗಳ, ಆಮೇಲೆ ಎಲೆಕ್ಷನ್, ಆಮೇಲೆ ಕೋರ್ಟು. ಒಂದು ಸಭೆಯೊಳಗಿನ ಕೇಸೇ ಮುಗಿಯಲ್ಲ, ಐದು ಸಭೆದು ಹೇಗೆ ಮುಗಿಯುತ್ತೆ?

ಕೊಪ್ಪಳ ವಕೀಲ

ಎಲೆಕ್ಷನ್ ಇಟ್ಟರೆ ಹಂಗೇ ಆಗುತ್ತೆ. ಪ್ರತಿ ಸಭೆಯಿಂದ ಒಬ್ಬ ಗಂಡಸು, ಒಬ್ಬ ಹೆಣ್ಣುಮಗಳು. ಅಧ್ಯಕ್ಷತೆ ವರ್ಷಕ್ಕೊಂದು ಸಭೆಗೆ ಸರದಿ ಮೇಲೆ. ಪಾಸ್ಟರ್‌ಗಳು ಪದಾಧಿಕಾರಿ ಆಗೋ ಹಾಗಿಲ್ಲ. ಹಣ ಹೆಚ್ಚು ಕೂಡಿಸಬೇಡಿ, ಹಣ ಕೂಡಿದ ಕಡೆ ಜಗಳ ಕೂಡುತ್ತೆ.

ಹೊಸಪೇಟೆ ಸೇವಕ

ಪಾಸ್ಟರ್‌ಗಳು ಬೇಡ ಅನ್ನೋದಕ್ಕೆ ನನ್ನ ಒಪ್ಪಿಗೆ ಇದೆ.

ಮಾನ್ವಿ ಹೆಣ್ಮಗಳು

ಬೈಲಾ ಬರೀರಿ, ಚಲೋ. ಒಂದು ಕೇಳ್ತೀನಿ, ಯಾರೂ ಬೇಜಾರಾಗಬ್ಯಾಡ್ರಿ. ಗುಂಡಿ ತೋಡೋರು ಯಾರು?

ನಮ್ಮ ಕಡೆ ಊರಾಗ ಯಾರೇ ಸತ್ರೂ ಗುಂಡಿ ತೋಡಾಕ ಒಂದೇ ಕೇರಿಯವರನ್ನ ಕರೀತಾರ. ಕ್ರೈಸ್ತರಾದ ಮ್ಯಾಲೂ ಹಂಗ ನಡದೈತಿ. ಸಭೆ ಹಿರಿಯರು ಬಿಳಿ ಅಂಗಿ ತೊಟ್ಟು ವಾಕ್ಯ ಓದ್ತಾರ, ಹಾರಿ ಸಲಿಕಿ ಹಿಡಿಯೋದು ನಮ್ಮ ಅಣ್ಣತಮ್ಮಂದಿರು. ಐದು ಸಭೆ ಕೂಡಿದ ಮ್ಯಾಲೂ ಸಲಿಕಿ ಅದೇ ಕೈಯಾಗ ಇದ್ರ, ನಿಮ್ಮ ಸಂಘ ನನಗ ಬ್ಯಾಡ.

ರಾಯಚೂರು ಮೆಥೊಡಿಸ್ಟ್

ಇದಕ್ಕ ಉತ್ತರ ಬೈಲಾದಾಗ ಬರಬೇಕ್ರಿ. ಸರದಿ ಮ್ಯಾಲ ಪ್ರತಿ ಸಭೆ ಯುವಕರು ತೋಡಬೇಕು, ಹಿರಿಯರ ಮಕ್ಕಳೂ ಬರಬೇಕು. ಕೂಲಿ ಕೊಟ್ಟು ಬ್ಯಾರೆಯವರ ಕಡಿಂದ ತೋಡಿಸಂಗಿಲ್ಲ.

ಸಿರುಗುಪ್ಪ ತಮ್ಮ

ಜೆಸಿಬಿ ತರಸಿದ್ರ ಆತಲ್ಲ?

ಮಾನ್ವಿ ಹೆಣ್ಮಗಳು

ಜೆಸಿಬಿ ತರಸ್ರಿ. ಮಣ್ಣು ಎಳಿಯೋವಾಗ ಮತ್ತ ಸಲಿಕಿ ಬೇಕ ಬೇಕು, ಆವಾಗ ಯಾರು ಮುಂದ ಬರ್ತಾರ ಅಂತ ನೋಡೂಣು.

ಬೆರೋಯದವ

ಅಕ್ಕಾ, ನಮ್ಮ ಸಭೆ ಇರೋದು ಬಳ್ಳಾರಿಯಲ್ಲಿ, ಕಾರಟಗಿಗೆ ಬಂದು ತೋಡೋಕೆ ಆಗಲ್ಲ. ನಮ್ಮ ಊರಿನಲ್ಲಿ ಈ ಸಲ ನಾನು ಸಲಿಕೆ ಹಿಡೀತೀನಿ, ನನ್ನ ಮಗನನ್ನೂ ಕರಕೊಂಡು ಹೋಗ್ತೀನಿ. ಯೇಸು ಶಿಷ್ಯರ ಕಾಲು ತೊಳೆದದ್ದು ಆಳಿನ ಕೆಲಸ. ಇದರಲ್ಲಿ ಬೋಧನೆಯ ತಕರಾರು ನನಗೆ ಕಾಣಲ್ಲ.

ಬಳ್ಳಾರಿ ಸಿಎಸ್‌ಐ

ನಾನೂ ಬರ್ತೀನಿ ಬ್ರದರ್, ಖಾಸಗಿ ಮೆಸೇಜ್ ಮಾಡಿ.

ಕಾರಟಗಿ ಕಡೆಯವ

ಎಲ್ಲಾರಿಗೂ ಉಪಕಾರ. ಐದೂ ಸಭೆಯವರನ್ನ ಒಂದು ಕಡೆ ಕರೀಬೇಕು ಅಂತ ಮಾಡೀನಿ. ಯಾವ ಸಭೆ ಕಟ್ಟಡದಾಗೂ ಬ್ಯಾಡ, ಸರ್ಕಾರಿ ಶಾಲಿ ಅಂಗಳದಾಗ ಕೇಳ್ತೀನಿ. ನಾಟಿ ಮುಗಿದ ಮ್ಯಾಲ, ರಾತ್ರಿ, ಕೂಲಿಯವರು ಬರೋ ಹೊತ್ತಿಗೆ. ಮೊದಲು ರಕ್ತದ ಪಟ್ಟಿ, ಆಮ್ಯಾಲ ಸಂಘದ ಮಾತು, ಗುಂಡಿ ಸರದಿ ಮಾತೂ ಆವತ್ತ ಆಗಬೇಕು. ಹಳೇ ಸಭೆ ಹಿರಿಯರೊಳಗ ಒಬ್ಬರು ಬರ್ತೀನಿ ಅಂದಾರ, ಇನ್ನೊಬ್ಬರು ಫೋನ್ ಎತ್ತವಲ್ರು. ಆ ಆಯಿ ಮಗನ್ನೂ ಕರದೀನಿ, ಬರಂಗಿಲ್ಲ ಅಂದಾನ. ಮತ್ತೊಮ್ಮೆ ಹೋಗಿ ಕೇಳ್ತೀನಿ.

ಕೊಪ್ಪಳ ವಕೀಲ

ಮತ್ತೊಮ್ಮೆ ಕೇಳುವಾಗ ಬರೀ ಬಾ ಅನ್ನಬೇಡಿ. ಸಂಘದಲ್ಲಿ ಆ ಕೂಟದ ಪ್ರತಿನಿಧಿ ಅವನೇ ಆಗಬೇಕು ಅಂತ ಕೇಳಿ.

ಸಿರುಗುಪ್ಪ ತಮ್ಮ

ವಕೀಲರೇ, ಅರ್ಜಿ ನಮೂನೆ, ಬೈಲಾ ನಮೂನೆ ಇದ್ರ ಇಲ್ಲೇ ಹಾಕ್ರಿ. ನಮ್ಮ ಊರಾಗೂ ಇದೇ ಕಥಿ ಐತಿ.

ಕೊಪ್ಪಳ ವಕೀಲ

ಸೋಮವಾರ ಕೋರ್ಟ್ ಮುಗಿಸಿ ಹಾಕ್ತೀನಿ. ಅಷ್ಟರೊಳಗೆ ನೀವು ನಾಡಕಚೇರಿಗೆ ಹೋಗಿ ನಿಮ್ಮ ಊರಿನ ಸರ್ಕಾರಿ ಜಮೀನಿನ ಸರ್ವೆ ನಂಬರ್ ಬರೆದುಕೊಂಡು ಬನ್ನಿ.